ನೆನೆದ ಅಕ್ಕಿ, ನೆನೆಯಬೇಕಾದವರು

ನಮ್ಮ ಇಡ್ಲಿ-ದೋಸೆ ಹಿಟ್ಟಿನ ವ್ಯಾಪಾರಕ್ಕೆ ಈ ವಾರ 3 ವರ್ಷ ತುಂಬಿತು. ಬೆಂಗಳೂರಿನ ರಾಜಾಜಿನಗರದ ಒಂದು ಗ್ಯಾರೇಜಿನಲ್ಲಿ ಒಂದೇ ಗ್ರೈಂಡರ್ ಇಟ್ಟುಕೊಂಡು ಶುರು ಮಾಡಿದ್ದು. ಈಗ 5 ಟೆಂಪೋ, 112 ಅಂಗಡಿ. ಮೊದಲ ವರ್ಷದ ಮೇ ತಿಂಗಳಲ್ಲೇ ಬಾಗಿಲು ಹಾಕುವವರಿದ್ದೆವು. ಹಾಕಲು ಬಿಡದವರಿಗೆ ಈ ಬರಹ.

ತಪ್ಪು ನನ್ನದೇ. ಎಂಜಿನಿಯರಿಂಗ್ ಓದಿದ ಜಂಬದಲ್ಲಿ ಪ್ರತಿ ರಸ್ತೆಗೂ ಸರಾಸರಿ ಸಮಯ ಹಾಕಿ ಮಾರ್ಗ ಲೆಕ್ಕ ಹಾಕಿದ್ದೆ. ಸಿಲ್ಕ್ ಬೋರ್ಡ್ ಜಂಕ್ಷನ್ ದಾಟಲು 25 ನಿಮಿಷ ಅಂತ ಬರೆದುಕೊಂಡಿದ್ದೆ. ನಿಜಕ್ಕೂ 25 ನಿಮಿಷ ಹಿಡಿದ ದಿನ ಒಂದೂ ಇರಲಿಲ್ಲ. ಒಣದಿನ 12, ಮಳೆ ಬಂದರೆ 50. ಒಂದು ಸಂಜೆ ಮಳೆ ಸುರಿದು ಎರಡು ಟೆಂಪೋ ನಿಂತಲ್ಲೇ ನಿಂತವು. ಹಿಟ್ಟು ಹುಳಿಯೇರಿ, ಉಬ್ಬಿ, ಪ್ಯಾಕೆಟ್‌ಗಳೆಲ್ಲ ಒಡೆದವು. ಆ ವಾಸನೆ ಟೆಂಪೋದಿಂದ ಹೋಗಲು ತಿಂಗಳು ಬೇಕಾಯಿತು.

ಮಲ್ಲೇಶ್ವರದ ನನ್ನ ನಿವೃತ್ತ ಮೇಷ್ಟ್ರು ಕಾಫಿ ಕೊಟ್ಟು ಬೈದರು. "ರಾತ್ರಿ ಅಕ್ಕಿ ನೆನೆ ಹಾಕುವಾಗ ನಾಳೆಯ ಮಳೆ ನಿನಗೆ ಗೊತ್ತಿಲ್ಲ. ಟೆಂಪೋ ಹೊರಡೋ ಹೊತ್ತಿಗೆ ಮೋಡ ಕಾಣುತ್ತೆ. ಎರಡೂ ತೀರ್ಮಾನ ಒಂದೇ ಸಲ ಯಾಕೆ ಮಾಡ್ತೀಯ?" ಅಮೆರಿಕದ ಗಣಿತಜ್ಞ ಜಾರ್ಜ್ ಡಾಂಟ್ಸಿಗ್ 1955ರಲ್ಲೇ ಇದನ್ನು ಗಣಿತಕ್ಕೆ ಇಳಿಸಿದ್ದರಂತೆ: ಮೊದಲು ಒಂದು ನಿರ್ಧಾರ, ಆಮೇಲೆ ಅನಿಶ್ಚಿತತೆ ಬಯಲಾಗುತ್ತದೆ, ಅದಾದ ಮೇಲೆ ಸರಿಪಡಿಸುವ ನಿರ್ಧಾರ. ಇನ್ನೊಂದನ್ನೂ ಹೇಳಿಕೊಟ್ಟರು. ಮಾರಿದ ಪ್ಯಾಕೆಟ್ಟಿಗೆ 15 ರೂಪಾಯಿ ಲಾಭ, ಉಳಿದದ್ದಕ್ಕೆ 5 ರೂಪಾಯಿ ನಷ್ಟ ಇದ್ದರೆ, ಎರಡೂ ಸೇರಿ 20ರಲ್ಲಿ 15, ಅಂದರೆ ಮುಕ್ಕಾಲು; ಹಾಗಾಗಿ 100ರಲ್ಲಿ 75 ದಿನದ ಬೇಡಿಕೆ ತೀರುವಷ್ಟು ಮಾಡಬೇಕು. ನಾನು ಸರಾಸರಿಗೆ ತಕ್ಕಷ್ಟೇ ನೆನೆ ಹಾಕುತ್ತಿದ್ದೆ. ನೆನೆದ ಅಕ್ಕಿಯನ್ನು ಮತ್ತೆ ಮೂಟೆಗೆ ತುಂಬಲಾಗದು ಎಂಬ ಹೆದರಿಕೆ.

ಲೆಕ್ಕ ಗೊತ್ತಾದರೆ ಸಾಕೇ, ಅಂಕಿ ಎಲ್ಲಿಂದ ತರಲಿ? ನಮ್ಮ ಹಿರಿಯ ಡ್ರೈವರಣ್ಣ ಜೇಬಿನಿಂದ ನೋಟ್‌ಬುಕ್ ತೆಗೆದ. ಪ್ರತಿ ಅಂಗಡಿ ತಲುಪಿದ ಸಮಯ, 140 ದಿನದ್ದು. ಊಟದ ಹೊತ್ತು ತಪ್ಪಿದ್ದಕ್ಕೆ ನನ್ನ ಜತೆ ಜಗಳ ಬಂದರೆ ಸಾಕ್ಷಿಗಿರಲಿ ಅಂತ ಬರೆದಿಟ್ಟದ್ದು! ಆ 140 ದಿನಗಳನ್ನೂ ಕಂಪ್ಯೂಟರಿಗೆ ಕೊಟ್ಟು, ಅಷ್ಟೂ ದಿನ ಸೇರಿ ಕಡಿಮೆ ಖರ್ಚಾಗುವ ಒಂದು ಯೋಜನೆ ಕೇಳಿದೆ. ಅಣ್ಣನ ಇನ್ನೊಂದು ಮಾತು ಇನ್ನೂ ದೊಡ್ಡದು: "ಮಳೆ ಬಂದ್ರೆ ಸಿಲ್ಕ್ ಬೋರ್ಡ್ ಒಂದೇ ಅಲ್ಲ ಸಾರ್, ಬೆಳ್ಳಂದೂರೂ ಜತೇಲೇ ಕೈ ಕೊಡುತ್ತೆ." ನಾನು ಒಂದೊಂದು ರಸ್ತೆಯನ್ನೂ ಬೇರೆ ಬೇರೆ ದಾಳವೆಂದು ಎಣಿಸಿದ್ದೆ. ಈಗ ಆ ಎರಡು ಜಾಗ ಒಂದೇ ಟೆಂಪೋಕ್ಕೆ ಬೀಳುವುದಿಲ್ಲ.

ಮಧ್ಯೆ ಹೆದರಿಕೆ ಜಾಸ್ತಿಯಾಗಿ, ಎಲ್ಲ ರಸ್ತೆಯೂ ಒಂದೇ ದಿನ ಕಟ್ಟಿಕೊಳ್ಳುತ್ತದೆ ಅಂತ ಲೆಕ್ಕ ಹಾಕಿದೆ. ಉತ್ತರ: 9 ಟೆಂಪೋ ಕೊಳ್ಳಿ! ಏಕಕಾಲಕ್ಕೆ ಎಷ್ಟು ರಸ್ತೆ ಕೆಡಬಹುದೆಂದು ಮಿತಿ ಹಾಕಿಕೊಳ್ಳುವ ದಾರಿಯನ್ನು ಬರ್ಟ್ಸಿಮಾಸ್ ಮತ್ತು ಸಿಮ್ ಎಂಬ ಸಂಶೋಧಕರು 2004ರಲ್ಲಿ ತೋರಿಸಿದ್ದಾರೆ; ಅದು ನಮ್ಮ ಜೇಬು ಉಳಿಸಿತು. ಇದನ್ನೆಲ್ಲ ಬಿಡಿಸುವ ಸಾಫ್ಟ್‌ವೇರನ್ನು ಪುಕ್ಕಟೆ ಬಿಟ್ಟುಕೊಟ್ಟ, ಮುಖ ನೋಡದ ಜನಕ್ಕೂ ನಮಸ್ಕಾರ.

ಈ ಹೊಸ ಯೋಜನೆಯಲ್ಲಿ ಒಣದಿನ ಕೆಲವು ಕಿಲೋಮೀಟರ್ ಜಾಸ್ತಿ ಓಡಬೇಕು. ಡೀಸೆಲ್ ಲೆಕ್ಕ ಬರೆಯುವ ಚಿಕ್ಕಮ್ಮ ಇವತ್ತಿಗೂ ಗೊಣಗುತ್ತಾರೆ. ಅವರ ಗೊಣಗಾಟಕ್ಕೂ, ಒಡೆದ ಪ್ಯಾಕೆಟ್ ಎಣಿಸಿ ಬೈದು ಮಾರನೇ ದಿನ ಮತ್ತೆ ಆರ್ಡರ್ ಕೊಟ್ಟ ಬನ್ನೇರುಘಟ್ಟ ರಸ್ತೆಯ ಅಂಗಡಿಯವರಿಗೂ ಋಣಿ.

ಡ್ರೈವರಣ್ಣನಿಗೆ ಹೊಸ ನೋಟ್‌ಬುಕ್ ತಂದಿದ್ದೇನೆ. ಭಾನುವಾರ ಎಲ್ಲರಿಗೂ ನಮ್ಮಲ್ಲೇ ಒಬ್ಬಟ್ಟಿನ ಊಟ. ಒಂದು ಗಂಟೆಗೆ ಸರಿಯಾಗಿ ಬಡಿಸುತ್ತೇವೆ, ಅವನು ಬರೆದುಕೊಳ್ಳುತ್ತಾನೆ.