ಸೇವಾ ಪ್ರವಾಸದಿಂದ ಮರಳಿದವರ ಗಮನಕ್ಕೆ

ವೈದ್ಯಕೀಯ ಸೇವಾ ತಂಡದ ಸದಸ್ಯರೆಲ್ಲರಿಗೂ ಕ್ರಿಸ್ತನಲ್ಲಿ ವಂದನೆಗಳು. ದೇವರ ಕೃಪೆಯಿಂದ ಎಲ್ಲರೂ ಸುರಕ್ಷಿತವಾಗಿ ಮನೆ ಸೇರಿದ್ದೇವೆ. ಆದರೆ ಮಲೇರಿಯಾ ಇರುವ ಪ್ರದೇಶದಿಂದ ಬಂದಿರುವುದರಿಂದ, ಮನೆ ತಲುಪಿಯಾಯಿತೆಂದು ಯಾರೂ ಮಲೇರಿಯಾ ತಡೆಯುವ ಮಾತ್ರೆ ನಿಲ್ಲಿಸಬಾರದು. ಡಾಕ್ಸಿಸೈಕ್ಲಿನ್ ತೆಗೆದುಕೊಳ್ಳುತ್ತಿರುವವರು ಆ ಪ್ರದೇಶ ಬಿಟ್ಟ ಬಳಿಕ 4 ವಾರ, ಅಟೊವಾಕ್ವೋನ್-ಪ್ರೊಗ್ವಾನಿಲ್ ತೆಗೆದುಕೊಳ್ಳುತ್ತಿರುವವರು 7 ದಿನ ಮುಂದುವರಿಸಬೇಕು. ನನ್ನ ಸ್ಟ್ರಿಪ್ಪನ್ನು ಹಲ್ಲುಜ್ಜುವ ಬ್ರಷ್ಷಿನ ಪಕ್ಕದಲ್ಲೇ ಇಟ್ಟಿದ್ದೇನೆ, ಇಲ್ಲದಿದ್ದರೆ ಮರೆಯುವುದು ಖಂಡಿತ. ಒಂದು ವರ್ಷದೊಳಗೆ ಜ್ವರ ಕಾಣಿಸಿಕೊಂಡರೆ, ಅದು ಬರೀ ಶೀತದ ಜ್ವರವೆಂದು ತೋರಿದರೂ, ಅದೇ ದಿನ ವೈದ್ಯರನ್ನು ಕಂಡು, ಪ್ರವಾಸದ ವಿಷಯವನ್ನು ಮೊದಲಿಗೇ ತಿಳಿಸಿ, ರಕ್ತಪರೀಕ್ಷೆ ಮಾಡಿಸಿಕೊಳ್ಳಿ. ಕ್ಷಯರೋಗಿಗಳ ಶುಶ್ರೂಷೆಯಲ್ಲಿದ್ದವರು ಮರಳಿದ 8ರಿಂದ 10 ವಾರಗಳ ನಂತರ ಕ್ಷಯರೋಗದ ಪರೀಕ್ಷೆಯನ್ನೂ ಮಾಡಿಸಬೇಕು. ರೋಗಿಗಳ ಮುಖ ಕಾಣುವ ಚಿತ್ರಗಳನ್ನು ಅವರ ಒಪ್ಪಿಗೆಯಿಲ್ಲದೆ ಸಭೆಯಲ್ಲಿ ತೋರಿಸಬಾರದೆಂದು ವಿನಂತಿ.