ತಾಯಿ ಕಾರ್ಡಿನಲ್ಲಿ ಮಾತ್ರೆಯ ಹೊತ್ತನ್ನೂ ಬರೆಯಲಿ

ಮಾನ್ಯ ಸಂಪಾದಕರೇ,

ನಮ್ಮದು ಸರ್ಕಾರಿ ಆಸ್ಪತ್ರೆಯೊಂದರ ಎದುರಿನ ಮೆಡಿಕಲ್ ಶಾಪ್. ಬಸುರಿಯರ ಚೀಟಿಗಳಲ್ಲಿ ಥೈರಾಯ್ಡ್ ಮಾತ್ರೆ ದಿನಾ ಕಾಣುತ್ತೇನೆ. ಕೆಲವರು ಬಸುರಿ ಅಂತ ಗೊತ್ತಾದ ಕೂಡಲೇ ಅದನ್ನು ನಿಲ್ಲಿಸಿಬಿಡುತ್ತಾರೆ. ಕೇಳಿದರೆ, 'ಅಣ್ಣಾ, ಹೀಟ್ ಆಗುತ್ತಂತೆ, ಅತ್ತೆ ಬೇಡ ಅಂದ್ರು' ಅನ್ನುತ್ತಾರೆ.

ಆಗಬೇಕಾದ್ದು ಪೂರ್ತಿ ಉಲ್ಟಾ. ಮೊದಲ ಮೂರು ತಿಂಗಳು ಮಗುವಿನ ಮಿದುಳು ಬೆಳೆಯಲು ಬೇಕಾದ ಥೈರಾಯ್ಡ್ ಹಾರ್ಮೋನು ತಾಯಿಯಿಂದಲೇ ಬರಬೇಕು, ಅದಕ್ಕೇ ಮೊದಲಿಂದ ಲೆವೊಥೈರಾಕ್ಸಿನ್ (ಇದೇ ಆ ಥೈರಾಯ್ಡ್ ಮಾತ್ರೆ) ತಗೊಳ್ಳುತ್ತಿದ್ದವರಿಗೆ ಈಗ ಡೋಸ್ ಸಾಮಾನ್ಯವಾಗಿ ಶೇ 25ರಿಂದ 50ರಷ್ಟು ಜಾಸ್ತಿ ಬೇಕಾಗುತ್ತದೆ. ಎಷ್ಟು ಅನ್ನೋದನ್ನು ಡಾಕ್ಟರೇ ಹೇಳಬೇಕು. ಐದನೇ ತಿಂಗಳವರೆಗೆ ನಾಲ್ಕು ವಾರಕ್ಕೊಮ್ಮೆ, ಆಮೇಲೆ 30ನೇ ವಾರದ ಹತ್ತಿರ ಒಮ್ಮೆ ಟಿಎಸ್‌ಎಚ್ (ರಕ್ತಪರೀಕ್ಷೆ; ಥೈರಾಯ್ಡ್ ಹಾರ್ಮೋನು ಕಮ್ಮಿಯಾದರೆ ಇದರ ಅಂಕಿ ಏರುತ್ತದೆ) ನೋಡಿಸಬೇಕು. ಮಾತ್ರೆ ತಗೊಳ್ಳುತ್ತಿರುವ ಬಸುರಿಗೆ ಅದು 2.5ರ ಒಳಗಿರಬೇಕು ಅಂತ ಡಾಕ್ಟರುಗಳು ನೋಡುತ್ತಾರೆ. ಲ್ಯಾಬ್ ರಿಪೋರ್ಟಿನ ಪಕ್ಕದಲ್ಲಿ ಅಚ್ಚಾಗಿರುವ 'ನಾರ್ಮಲ್' ಅಂಕಿ ಬಹಳ ಸಲ ಬಸುರಿಯಲ್ಲದವರದ್ದು. 4.2 ಬಂದರೂ ದಪ್ಪ ಅಕ್ಷರದಲ್ಲಿ ಇಲ್ಲವಲ್ಲ ಅಂತ ಸುಮ್ನೆ ಮಡಚಿ ಬ್ಯಾಗಿಗೆ ಹಾಕಿಕೊಳ್ಳುತ್ತಾರೆ.

ಇನ್ನೊಂದು ಎಡವಟ್ಟು ಹೊತ್ತಿನದು. ಮೂರು ತಿಂಗಳು ತುಂಬಿದ ಮೇಲೆ ಕಬ್ಬಿಣಾಂಶದ ಮಾತ್ರೆ, ಕ್ಯಾಲ್ಸಿಯಂ ಎರಡನ್ನೂ ಕೊಡುತ್ತಾರೆ, ಒಳ್ಳೆಯದೇ. ಆದರೆ ಬೆಳಿಗ್ಗೆ ಮರೆಯೋದು ಬೇಡ ಅಂತ ಮೂರನ್ನೂ ಒಂದೇ ಅಂಗೈಗೆ ಸುರಿದುಕೊಂಡು ನುಂಗಿದರೆ ಥೈರಾಯ್ಡ್ ಮಾತ್ರೆ ಮೈಗೆ ಸರಿಯಾಗಿ ಹತ್ತೋದೇ ಇಲ್ಲ. ನಾಲ್ಕು ತಾಸು ಅಂತರ ಬೇಕು. ಎದ್ದ ಕೂಡಲೇ ಬರೀ ನೀರಲ್ಲಿ ಥೈರಾಯ್ಡ್ ಮಾತ್ರೆ, ಅರ್ಧದಿಂದ ಒಂದು ತಾಸು ಬಿಟ್ಟು ಕಾಫಿ, ತಿಂಡಿ. ಮಧ್ಯಾಹ್ನ ಊಟದ ಜೊತೆ ಕ್ಯಾಲ್ಸಿಯಂ, ಸಂಜೆ ನಾಲ್ಕರ ಹೊತ್ತಿಗೆ ಕಬ್ಬಿಣಾಂಶದ್ದು (ಟೀ ಜೊತೆ ಬೇಡ), ರಾತ್ರಿ ಊಟಕ್ಕೆ ಇನ್ನೊಂದು ಕ್ಯಾಲ್ಸಿಯಂ.

ಈ ನಾಲ್ಕು ಸಾಲನ್ನು ತಾಯಿ ಕಾರ್ಡಿನಲ್ಲೇ ದಪ್ಪಗೆ ಬರೆದು ಕೊಡಲು ಏನು ಕಷ್ಟ? ಆಶಾ ಅಕ್ಕಂದಿರಿಗೂ ಹೇಳೋದು ಸುಲಭ ಆಗುತ್ತೆ ಅಲ್ವಾ. ನಾನು ಕವರಿನ ಮೇಲೆ ಬರೆದು ಕೊಡುತ್ತೇನೆ, ಆದರೆ ಕವರ್ ಮರುದಿನ ಒಲೆಗೆ ಹೋಗುತ್ತದೆ. ಆರೋಗ್ಯ ಇಲಾಖೆಯವರು ಇದನ್ನು ಮಾಡಲಿ. ಹೆರಿಗೆಯಾದ ಮೇಲೆ ಡೋಸ್ ಇಳಿಸಿ ಆರು ವಾರಕ್ಕೆ ಮತ್ತೆ ಟೆಸ್ಟ್ ಮಾಡಿಸಬೇಕು, ಹಾಲೂಡಿಸುವಾಗ ಈ ಮಾತ್ರೆ ತಗೊಂಡರೆ ತೊಂದರೆಯಿಲ್ಲ ಅನ್ನೋದನ್ನೂ ಅದರ ಕೆಳಗೇ ಸೇರಿಸಲಿ.

– ಔಷಧಿ ಅಂಗಡಿಯವ