ತಿದ್ದಿದ ಭತ್ತದ ವರದಿಗೂ ಒಂದು ತಿದ್ದುಪಡಿ

ಮಾನ್ಯರೇ,

2025ರ ಮೇ 4ರಂದು ಕೇಂದ್ರ ಕೃಷಿ ಸಚಿವರು ಪ್ರಕಟಿಸಿದ ಎರಡು ಜೀನೋಮ್ ಸಂಪಾದಿತ (ಗಿಡದ ಡಿಎನ್‌ಎಯನ್ನೇ ಗೊತ್ತಾದ ಜಾಗದಲ್ಲಿ ತಿದ್ದಿದ) ಭತ್ತದ ತಳಿಗಳ ಮಾತು ಬಂದಾಗಲೆಲ್ಲ ‘ಬರ, ಉಪ್ಪು ತಾಳುವ ಜೀನ್ ಸೇರಿಸಿದ ಭತ್ತ’ ಎಂಬ ವಿವರಣೆ ಕೇಳಿಬರುತ್ತಿದೆ. ಸಸ್ಯಶಾಸ್ತ್ರ ಪಾಠ ಮಾಡಿದವನಾಗಿ ಇದನ್ನು ತಿದ್ದಬೇಕೆನಿಸಿತು. ‘ಪೂಸಾ ಡಿಎಸ್‌ಟಿ ರೈಸ್ 1’ ತಳಿಗೆ ಅಂಥ ಯಾವ ಜೀನನ್ನೂ ಸೇರಿಸಿಲ್ಲ. ಅದರಲ್ಲೇ ಇದ್ದ ಡಿಎಸ್‌ಟಿ ಎಂಬ ಜೀನು ಕೆಲಸ ಮಾಡದಂತೆ ಮಾಡಲಾಗಿದೆ.

ಡಿಎಸ್‌ಟಿ ತಯಾರಿಸುವ ಪ್ರೋಟೀನು ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್ ವರ್ಗದ್ದು. ಡಿಎನ್‌ಎಯ ಗೊತ್ತಾದ ಜಾಗಗಳಲ್ಲಿ ಕುಳಿತು, ಯಾವ ಜೀನು ಯಾವಾಗ, ಎಷ್ಟು ಕೆಲಸ ಮಾಡಬೇಕೆಂದು ಗೊತ್ತುಪಡಿಸುವುದು ಈ ವರ್ಗದ ಕಸುಬು. ಎಲೆಯ ಸೂಕ್ಷ್ಮ ರಂಧ್ರಗಳನ್ನು ತೆರೆದು ಮುಚ್ಚುವ ಕಾವಲು ಕೋಶಗಳಲ್ಲಿ ಹೈಡ್ರೋಜನ್ ಪೆರಾಕ್ಸೈಡನ್ನು ಒಡೆಯುವ ಜೀನುಗಳನ್ನು ಡಿಎಸ್‌ಟಿ ಎಚ್ಚರವಾಗಿಡುವುದರಿಂದ ಪತ್ರರಂಧ್ರಗಳು ತೆರೆದಿರುತ್ತವೆ. ಅದಿಲ್ಲವಾದರೆ ಪೆರಾಕ್ಸೈಡ್ ಕೂಡಿಕೊಂಡು ರಂಧ್ರಗಳು ಮುಚ್ಚಿಕೊಳ್ಳುತ್ತವೆ, ಗಿಡದ ನೀರು ಗಿಡದಲ್ಲೇ ಉಳಿಯುತ್ತದೆ. ಈ ಹೊಸ ತಳಿಯ ಮೂಲವಾದ ‘ಎಂಟಿಯು 1010’ ಭತ್ತವನ್ನು ಹೀಗೆ ತಿದ್ದಿದಾಗ ಎಲೆ ಅಗಲವಾಗಿ, ರಂಧ್ರಗಳ ದಟ್ಟಣೆಯೂ ತಗ್ಗಿತು.

ಇದೇ ಡಿಎಸ್‌ಟಿ ತೆನೆಯಲ್ಲಿ ಬೇರೆಯೇ ಕೆಲಸ ಮಾಡುತ್ತದೆ. ಕಾಳಿನ ಸಂಖ್ಯೆ ಹೆಚ್ಚಿಸುವ ಸೈಟೊಕೈನಿನ್ ಹಾರ್ಮೋನನ್ನು ಒಡೆಯುವ ಕಿಣ್ವದ ಜೀನನ್ನು ಅದು ಚುರುಕುಗೊಳಿಸುತ್ತದೆ. ಎರಡನೆಯ ತಳಿಯಾದ ‘ಕಮಲಾ’ದಲ್ಲಿ ತಿದ್ದಿರುವುದು ಆ ಕಿಣ್ವದ ಜೀನನ್ನೇ, ಅದೂ ನಮ್ಮ ಕಡೆ ಸೋನಾ ಮಸೂರಿ ಎಂದೇ ಮಾರಾಟವಾಗುವ ಬಿಪಿಟಿ 5204ರಲ್ಲಿ. ಬೇರೆ ಬೇರೆಯೆಂದು ಪ್ರಕಟವಾದ ಈ ಎರಡು ತಳಿಗಳು ಒಂದೇ ದಾರದ ಎರಡು ತುದಿಗಳೆಂಬುದು ನನಗಂತೂ ತಳಿಗಳಿಗಿಂತ ಸ್ವಾರಸ್ಯಕರ.

ಶಬ್ದಕ್ಕೇಕೆ ಇಷ್ಟು ಜಗ್ಗಾಟವೆಂದರೆ, ಇಂಥ ನಿಯಂತ್ರಕವೊಂದನ್ನು ಮುಟ್ಟಿದರೆ ಅದರ ಕೈಕೆಳಗಿನ ಹಲವು ಜೀನುಗಳನ್ನೂ ಮುಟ್ಟಿದಂತೆ. ನೀರು ಹೊರಹೋಗುವ ರಂಧ್ರದಿಂದಲೇ ಗಿಡ ಆಹಾರ ತಯಾರಿಸಲು ಬೇಕಾದ ಇಂಗಾಲದ ಡೈಆಕ್ಸೈಡ್ ಒಳಬರಬೇಕಲ್ಲವೇ? ತಿದ್ದಿದ ಎಂಟಿಯು 1010 ಕುರಿತು 2020ರಲ್ಲಿ ಪ್ರಕಟವಾದ ಪ್ರಯೋಗ ಉಪ್ಪಿನ ಸಹಿಷ್ಣುತೆಯನ್ನು ತೋರಿಸಿದ್ದು ಸಸಿಯ ಹಂತದಲ್ಲಿ. ಭತ್ತ ಉಪ್ಪಿಗೆ ಸೋಲುವುದು ಸಸಿಯಲ್ಲಷ್ಟೇ ಅಲ್ಲ, ಹೂ ಬಿಡುವಾಗಲೂ ಹೌದು.

ಉಪ್ಪೂ ಎಲ್ಲೆಡೆ ಒಂದೇ ಬಗೆಯಲ್ಲಿ ಬರುವುದಿಲ್ಲ. ಸಿಂಧನೂರಿನ ಎರೆಭೂಮಿಯಲ್ಲಿ ಕಾಲುವೆ ನೀರು ನಿಂತು, ಬೇಸಿಗೆಗೆ ಬದುವಿನ ಮೇಲೆ ಸವಳು ಬೆಳ್ಳಗೆ ಏಳುತ್ತದೆ. ಅಘನಾಶಿನಿಯ ಗಜನಿಯಲ್ಲಾದರೋ (ಸಮುದ್ರದ ನೀರು ನುಗ್ಗುವ ತಗ್ಗು ಗದ್ದೆ) ಅದು ಭರತದ ಜೊತೆ ಬರುತ್ತದೆ. ಅಲ್ಲಿನ ಕಗ್ಗ ಭತ್ತ ಉಪ್ಪನ್ನೂ ನೆರೆಯನ್ನೂ ಒಟ್ಟಿಗೆ ತಾಳಬೇಕು. ಮುಳುಗಡೆ ತಾಳಿಸುವ ನಿಯಂತ್ರಕವೇ ಬೇರೆ. ಒಡಿಶಾ ಮೂಲದ ಎಫ್‌ಆರ್ 13ಎ ಭತ್ತದಲ್ಲಿ ಸಿಕ್ಕ ಸಬ್1ಎ, ನೀರೊಳಗೆ ಬೆಳವಣಿಗೆ ನಿಲ್ಲಿಸಿ ಗಿಡದ ಸಕ್ಕರೆ ಉಳಿಸುತ್ತದೆ. ಸಾಂಪ್ರದಾಯಿಕ ಸಂಕರಣದಿಂದ ಅದನ್ನು ಪಡೆದ ಸ್ವರ್ಣ ಸಬ್1 ನಮ್ಮ ದೇಶದಲ್ಲಿ 2009ರಲ್ಲೇ ಬಿಡುಗಡೆಯಾಗಿದೆ.

ಹೊಸ ತಳಿಯ ಬೀಜ ನಮ್ಮ ಅಚ್ಚುಕಟ್ಟಿನ ಸವಳು ನೆಲಕ್ಕೆ ಬರುವ ಮುನ್ನ ಅದನ್ನು ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಂಥ ಕಡೆ ತಿದ್ದದ ಎಂಟಿಯು 1010ರ ಪಕ್ಕದಲ್ಲೇ ಕೊಯ್ಲಿನವರೆಗೆ ಬೆಳೆದು, ಮಣ್ಣಿನ ಉಪ್ಪಿನ ಪ್ರಮಾಣದೊಂದಿಗೆ ಇಳುವರಿಯ ಅಂಕಿಗಳನ್ನು ಕನ್ನಡದಲ್ಲಿ ಪ್ರಕಟಿಸಬೇಕೆಂದು ಕೃಷಿ ಇಲಾಖೆಯನ್ನು ಕೋರುತ್ತೇನೆ.

– ನಿವೃತ್ತ ಸಸ್ಯಶಾಸ್ತ್ರ ಅಧ್ಯಾಪಕ, ಸಿಂಧನೂರು